ನಿಮಗಿದು ಗೊತ್ತೇ? ಕ್ಯಾಡ್‌ನಲ್ಲಿ ಗೆರೆ ಹಿಗ್ಗುವ, ಕುಗ್ಗುವ ಲೆಕ್ಕ

ಆಟೋಕ್ಯಾಡ್‌ನಲ್ಲಿ 30×40 ಸೈಟನ್ನು ಎಷ್ಟು ದೊಡ್ಡದಾಗಿ ಬಿಡಿಸುತ್ತಾರೆ? 30 ಅಡಿಗೆ 40 ಅಡಿ, ಅಷ್ಟೇ! ಡ್ರಾಯಿಂಗ್ ಬೋರ್ಡಿನ ಕಾಲದಲ್ಲಿ ಮೊದಲ ಗೆರೆ ಎಳೆಯುವ ಮುಂಚೆಯೇ ಸ್ಕೇಲ್ ತೀರ್ಮಾನ ಆಗಬೇಕಿತ್ತು. ಕಂಪ್ಯೂಟರಿನಲ್ಲಿ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲವೂ ನಿಜದ ಅಳತೆಯಲ್ಲೇ ಇರುತ್ತವೆ. ಮಿಲಿಮೀಟರಿನಲ್ಲಿ ಕೆಲಸ ಮಾಡುವವರಿಗೆ ಅದೇ ಸೈಟು 9144 × 12192. 1:100 ಎಂಬ ಮಾತು ಬರುವುದು ಪ್ರಿಂಟ್ ತೆಗೆಯುವಾಗ. ಆಗ ಸೈಟು ಕಾಗದದ ಮೇಲೆ 91.44 ಮಿ.ಮೀ.ಗೆ 121.92 ಮಿ.ಮೀ. ಆಗಿ ಎ4 ಹಾಳೆಯಲ್ಲೇ ಕೂರುತ್ತದೆ.

ಝೂಮ್ ಮಾಡಿದರೆ ಅಳತೆ ಬದಲಾಗುವುದಿಲ್ಲ, ಚಿತ್ರ ನಮ್ಮ ಕಣ್ಣಿಗೆ ಹತ್ತಿರ ಬರುತ್ತದೆ. ಸ್ಕೇಲ್ ಕಮಾಂಡ್ ಕೊಟ್ಟರೆ ವಸ್ತುವೇ ಬೆಳೆಯುತ್ತದೆ. ಹೊಸಬರು ಮೊದಲು ಎಡವುವುದು ಇಲ್ಲೇ.

ಪರದೆಯ ಮೇಲೆ ಚಿತ್ರ ಬರೆದು ಹಿಗ್ಗಿಸುವ ಕಲೆಗೆ ಅರವತ್ತು ವರ್ಷ ದಾಟಿದೆ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಐವಾನ್ ಸದರ್ಲೆಂಡ್ 1963ರಲ್ಲಿ ತಮ್ಮ ಪಿಎಚ್‌.ಡಿ. ಪ್ರಬಂಧವಾಗಿ ಒಪ್ಪಿಸಿದ ‘ಸ್ಕೆಚ್‌ಪ್ಯಾಡ್’ ಟಿಎಕ್ಸ್-2 ಎಂಬ ಕಂಪ್ಯೂಟರಿನ ಮೇಲೆ ಓಡುತ್ತಿತ್ತು. ಬೆಳಕಿನ ಪೆನ್ನನ್ನು ಪರದೆಗೆ ಹಿಡಿದು ಗೆರೆ ಎಳೆಯುವುದು, ಗುಂಡಿ ತಿರುಗಿಸಿ ಚಿತ್ರವನ್ನು ಹಿಗ್ಗಿಸುವುದು, ಕುಗ್ಗಿಸುವುದು ಎಲ್ಲ ಅದರಲ್ಲಿ ಆಗಲೇ ಇತ್ತು. ಸದರ್ಲೆಂಡ್ ಅವರಿಗೆ 1988ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಆಟೋಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರ ಕೊನೆಯಲ್ಲಿ.

ಸ್ಕೇಲ್ ಫ್ಯಾಕ್ಟರ್ 2 ಎಂದು ಕೊಟ್ಟರೆ ಸೈಟು ಎರಡರಷ್ಟಾಗುತ್ತದೆಯೇ? ಉದ್ದ ಎರಡರಷ್ಟು, ಅಗಲ ಎರಡರಷ್ಟು. ವಿಸ್ತೀರ್ಣ ಮಾತ್ರ ನಾಲ್ಕರಷ್ಟು. 1200 ಚದರ ಅಡಿ 4800 ಆಗುತ್ತದೆ. ಘನಾಕೃತಿಯಾದರೆ ಗಾತ್ರ ಎಂಟರಷ್ಟು. ವಿಸ್ತೀರ್ಣ ಎರಡರಷ್ಟಾಗಬೇಕಿದ್ದರೆ ಕೊಡಬೇಕಾದ ಅಂಕಿ 1.4142, ಅಂದರೆ 2ರ ವರ್ಗಮೂಲ. ಎ4 ಹಾಳೆಗೂ ಅದರ ಎರಡರಷ್ಟಿರುವ ಎ3 ಹಾಳೆಗೂ ನಡುವೆ ಇರುವುದು ಇದೇ ಸಂಖ್ಯೆ. ಜೆರಾಕ್ಸ್ ಯಂತ್ರದ ಮೇಲೆ ಕಾಣುವ 141% ಮತ್ತು 71% ಇದರಿಂದಲೇ ಬಂದವು. ಎ3ಗೆಂದು 1:100ರಲ್ಲಿ ಸಿದ್ಧಮಾಡಿದ ಡ್ರಾಯಿಂಗನ್ನು ಎ4ಗೆ ಇಳಿಸಿದರೆ ಅದು ಸುಮಾರು 1:141 ಆಗುತ್ತದೆ. ಮೂಲೆಯಲ್ಲಿ ಬರೆದ ‘1:100’ ಹಾಗೇ ಉಳಿದು ದಾರಿ ತಪ್ಪಿಸುತ್ತದೆ. ಅದಕ್ಕೇ ಹಾಳೆಯ ಕೆಳಗೆ ಒಂದು ಅಳತೆಪಟ್ಟಿ ಬಿಡಿಸಿಡಿ. ಚಿತ್ರದ ಜೊತೆಗೆ ಅದೂ ಕುಗ್ಗುವುದರಿಂದ ಸುಳ್ಳು ಹೇಳುವುದಿಲ್ಲ.

ಸ್ಕೇಲ್ ಫ್ಯಾಕ್ಟರ್ ಸೊನ್ನೆಯಾಗುವಂತಿಲ್ಲ, ಋಣಸಂಖ್ಯೆಯೂ ಆಗುವಂತಿಲ್ಲ. ಚಿತ್ರ ತಿರುಗಾಮುರುಗಾ ಬೇಕಿದ್ದರೆ ಮಿರರ್ ಕಮಾಂಡ್ ಇದೆ.

ಸ್ಕೇಲ್ ಮಾಡಿದ ಮೇಲೆ ಡ್ರಾಯಿಂಗ್ ಮಾಯವಾಯಿತೇ? ಬೇಸ್ ಪಾಯಿಂಟ್ ನೋಡಿ. ಹಿಗ್ಗುವಾಗ ಕದಲದೆ ನಿಲ್ಲುವುದು ಆ ಒಂದು ಬಿಂದು ಮಾತ್ರ. ಬೇಸ್ ಪಾಯಿಂಟಿನಿಂದ 100 ಮೀಟರ್ ದೂರದಲ್ಲಿರುವ ಕೋಣೆಯನ್ನು 10ರಿಂದ ಸ್ಕೇಲ್ ಮಾಡಿದರೆ ಅದು ಒಂದು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ. ಕಟ್ಟಡದ ಒಂದು ಮೂಲೆಯನ್ನೇ ಹಿಡಿದರೆ ಈ ತೊಂದರೆ ಇಲ್ಲ.

ನನಗೆ ಬಹಳ ಇಷ್ಟವಾದದ್ದು ಸ್ಕೇಲ್ ಕಮಾಂಡಿನ ರೆಫರೆನ್ಸ್ ಆಯ್ಕೆ. ಹಳೆಯ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿ ಕ್ಯಾಡ್‌ಗೆ ತಂದಿದ್ದೀರಿ, ಅದು ಯಾವ ಅಳತೆಯಲ್ಲಿದೆಯೋ ತಿಳಿಯದು. ಸೈಟು 30×40, ಮುಂಬದಿ 30 ಅಡಿ ಎಂಬುದು ಮಾತ್ರ ಗೊತ್ತು. ಭಾಗಾಕಾರ ಮಾಡುತ್ತಾ ಕೂರಬೇಕಿಲ್ಲ. ಎಸ್‌ಸಿ ಒತ್ತಿ, ಚಿತ್ರ ಆರಿಸಿ, ಮುಂಬದಿಯ ಎಡಮೂಲೆಯನ್ನು ಬೇಸ್ ಪಾಯಿಂಟ್ ಮಾಡಿ. ಆರ್ ಒತ್ತಿ. ಮುಂಬದಿಯ ಎರಡು ತುದಿಗಳನ್ನು ಒಂದಾದ ಮೇಲೊಂದು ಕ್ಲಿಕ್ ಮಾಡಿ, 9144 ಎಂದು ಬರೆದು ಎಂಟರ್ ಹೊಡೆಯಿರಿ. ಇಡೀ ನಕ್ಷೆ ತನ್ನ ಅಳತೆಗೆ ಬಂದು ನಿಲ್ಲುತ್ತದೆ. ಅಲ್ಲಿಗೇ ಬಿಡಬೇಡಿ, ಡಿಐ ಕಮಾಂಡ್ ಕೊಟ್ಟು ಪಕ್ಕದ ಬದಿ 12192 ಇದೆಯೇ ಅಳೆದು ನೋಡಿ. ಇಲ್ಲವೆಂದರೆ ಸ್ಕ್ಯಾನ್ ಒಂದು ಕಡೆಗೆ ಎಳೆದುಕೊಂಡಿದೆ ಎಂದರ್ಥ. ಸ್ಕೇಲ್ ಕಮಾಂಡ್ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗಿಸುತ್ತದೆ, ಈ ದೋಷವನ್ನು ತಿದ್ದಲಾರದು. ನಕ್ಷೆಯನ್ನು ಇನ್ನೊಮ್ಮೆ ಸರಿಯಾಗಿ ಸ್ಕ್ಯಾನ್ ಮಾಡಿಸುವುದೇ ಮೇಲು.

ತುಂಡುಗೆರೆ ಹಾಕಿದರೂ ಪರದೆಯಲ್ಲಿ ಇಡೀ ಗೆರೆಯೇ ಏಕೆ ಕಾಣುತ್ತದೆ? ಕ್ಯಾಡ್ ಕಲಿಯುವವರೆಲ್ಲ ಒಮ್ಮೆಯಾದರೂ ಕೇಳುವ ಪ್ರಶ್ನೆ ಇದು. ಆಟೋಕ್ಯಾಡ್‌ನ ಲೈನ್‌ಟೈಪ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಗುಟ್ಟು ತಿಳಿಯುತ್ತದೆ. ಹಿಡನ್ ಗೆರೆಯ ವಿವರ ಇಷ್ಟೇ: .25, -.125. ಧನಸಂಖ್ಯೆ ಎಂದರೆ ಪೆನ್ನು ಕೆಳಗೆ, ಋಣಸಂಖ್ಯೆ ಎಂದರೆ ಪೆನ್ನು ಮೇಲೆ, ಸೊನ್ನೆ ಎಂದರೆ ಚುಕ್ಕೆ. ಅಂದರೆ ಕಾಲು ಅಳತೆ ಗೀಚು, ಅದರರ್ಧ ಬಿಡು. ಇದು ಇಂಚಿನ ಕಡತ. 9144 ಮಿ.ಮೀ. ಉದ್ದದ ಗೋಡೆಗೆ ಇದನ್ನೇ ಹಾಕಿದರೆ ಪ್ರತಿ ತುಂಡೂ ಕಾಲು ಮಿಲಿಮೀಟರ್! ಸಾವಿರಾರು ತುಂಡುಗಳು ಒತ್ತೊತ್ತಾಗಿ ಕೂತು ಕಣ್ಣಿಗೆ ಒಂದೇ ಗೆರೆಯಾಗುತ್ತವೆ. ಮಿಲಿಮೀಟರಿನವರಿಗೆಂದೇ ಇರುವ ಐಎಸ್‌ಒ ಕಡತದಲ್ಲಿ ಇದೇ ಗೆರೆ 6.35, -3.175, ಎಲ್ಲ ಅಂಕಿಗಳೂ 25.4ರಷ್ಟು ದೊಡ್ಡವು. ಅದೂ ಇಡೀ ಮನೆಯ ನಕ್ಷೆಗೆ ಸಾಲದು. ಆಗ ಎಲ್‌ಟಿಸ್ಕೇಲ್ ಎಂದು ಬರೆದು 100 ಕೊಡಿ; ಚಿತ್ರ ಬಿಡಿಸುವ ಮಾಡೆಲ್ ಸ್ಪೇಸ್‌ನಿಂದಲೇ 1:100ರಲ್ಲಿ ತೆಗೆದ ಪ್ರಿಂಟ್‌ನಲ್ಲಿ ತುಂಡು 6.35 ಮಿ.ಮೀ. ಬರುತ್ತದೆ. ನನ್ನ ಕಣ್ಣಿಗೆ ಅದು ಸ್ವಲ್ಪ ಉದ್ದ, 50 ಕೊಟ್ಟರೆ ಚೆನ್ನ. ಇಷ್ಟೆಲ್ಲ ಮಾಡಿದರೂ ಗೋಡೆಯ ಉದ್ದ ಒಂದು ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ.

ಒಂದೇ ಒಂದು ಗೆರೆಯ ತುಂಡುಗಳನ್ನು ಬೇರೆ ಮಾಡಬೇಕೇ? ಅದರ ಪ್ರಾಪರ್ಟಿಸ್‌ನಲ್ಲಿ ಪ್ರತ್ಯೇಕ ಲೈನ್‌ಟೈಪ್ ಸ್ಕೇಲ್ ಇದೆ. ಎಲ್‌ಟಿಸ್ಕೇಲನ್ನೂ ಇದನ್ನೂ ಗುಣಿಸಿ ಬಂದದ್ದೇ ಲೆಕ್ಕಕ್ಕೆ ಬರುತ್ತದೆ. ಗೆರೆ ತೀರಾ ಗಿಡ್ಡವಾಗಿ ಒಂದು ಸುತ್ತಿನ ತುಂಡುಗಳೂ ಹಿಡಿಯದಿದ್ದರೆ ಅದು ಇಡೀ ಗೆರೆಯಾಗಿಯೇ ಬೀಳುತ್ತದೆ.

36 ಇಂಚಿನ ಬಾಗಿಲಿನ ಬ್ಲಾಕನ್ನು ಮಿಲಿಮೀಟರ್ ಡ್ರಾಯಿಂಗಿಗೆ ತಂದಾಗ ಇರುವೆ ನುಗ್ಗುವಷ್ಟು ಬಾಗಿಲು ಕಂಡರೆ ಅದು 36 ಮಿ.ಮೀ. ಆಗಿ ಬಂದಿದೆ. 25.4ರಿಂದ ಸ್ಕೇಲ್ ಮಾಡಿ, 914.4 ಆಗುತ್ತದೆ. ಎರಡೂ ಕಡತಗಳಲ್ಲಿ ಅಳತೆಯ ಮಾನ ಯಾವುದೆಂದು ಹೇಳುವ ಇನ್ಸ್‌ಯೂನಿಟ್ಸ್ ಸರಿಯಾಗಿದ್ದರೆ ಈ ಗುಣಾಕಾರವನ್ನು ಕ್ಯಾಡ್ ತಾನೇ ಮಾಡಿಕೊಳ್ಳುತ್ತದೆ. ಇಂಚಿಗೆ ಸರಿಯಾಗಿ 25.4 ಮಿ.ಮೀ. ಎಂದು ಅಮೆರಿಕ, ಬ್ರಿಟನ್ ಮುಂತಾದ ದೇಶಗಳು ಒಪ್ಪಿದ್ದು 1959ರಲ್ಲಿ.

ಅಕ್ಷರಗಳದ್ದು ಬೇರೆ ಲೆಕ್ಕ. ಕಾಗದದ ಮೇಲೆ 2.5 ಮಿ.ಮೀ. ಎತ್ತರ ಕಾಣಬೇಕಾದರೆ 1:100ಕ್ಕೆ 250, 1:50ಕ್ಕೆ 125 ಎಂದು ಬರೆಯಬೇಕು. ಆಟೋಕ್ಯಾಡ್ 2008ರಲ್ಲಿ ಬಂದ, ಸ್ಕೇಲಿಗೆ ತಕ್ಕಂತೆ ಅಕ್ಷರಗಳ ಎತ್ತರವನ್ನು ತಾನೇ ಹೊಂದಿಸುವ ಅನೊಟೇಟಿವ್ ಸೌಲಭ್ಯ ಈ ತಲೆನೋವನ್ನು ತಪ್ಪಿಸಿತು.

ಕೊನೆಯದಾಗಿ, ವಸ್ತುವನ್ನೂ ಅದಕ್ಕೆ ಕೊಟ್ಟ ಡೈಮೆನ್ಶನ್ನನ್ನೂ ಒಟ್ಟಿಗೆ ಸ್ಕೇಲ್ ಮಾಡಿದರೆ ಅಂಕಿ ತಾನಾಗಿಯೇ ಹೊಸ ಅಳತೆಗೆ ಬದಲಾಗುತ್ತದೆ. ಆದರೆ ಯಾರೋ ಅವಸರಕ್ಕೆ ಆ ಅಂಕಿಯನ್ನು ಕೈಯಿಂದ ತಿದ್ದಿ ‘3000’ ಎಂದು ಬರೆದಿಟ್ಟಿದ್ದರೆ ಗೆರೆ ಎಷ್ಟೇ ಹಿಗ್ಗಿದರೂ ಅದು 3000 ಎಂದೇ ಹೇಳುತ್ತಿರುತ್ತದೆ. ಸೈಟಿನಲ್ಲಿ ಮೇಸ್ತ್ರಿ ಓದುವುದು ಆ ಅಂಕಿಯನ್ನೇ, ಪಾಯಕ್ಕೆ ಸುಣ್ಣದ ಗೆರೆ ಬೀಳುವುದೂ ಅದರಂತೆಯೇ. ದಯವಿಟ್ಟು ಅಂಕಿಯನ್ನು ತಿದ್ದಬೇಡಿ, ಗೆರೆಯನ್ನು ತಿದ್ದಿ.