‘ತಿರುಚು’ ಎಂಬ ಮಾತು

ನಮ್ಮ ಮಕ್ಕಳು ಪ್ರಬಂಧ ಬರೆಯುವಾಗ ಅಳತೆಗೆಟ್ಟು ಬಳಸುವ ಕ್ರಿಯಾಪದಗಳಲ್ಲಿ ‘ತಿರುಚು’ ಎಂಬುದೂ ಒಂದು. ‘ಬೀಗದ ಕೈಯನ್ನು ತಿರುಚಿ ಬಾಗಿಲನ್ನು ತೆರೆದಳು’ ಎಂದು ಬಾಲಿಕೆಯೊಬ್ಬಳು ಬರೆದಳು. ಬೀಗದ ಕೈಯನ್ನು ತಿರುಗಿಸಿದರೆ ಬಾಗಿಲು ತೆರೆಯುವುದು. ತಿರುಚಿದರೆ ಕಮ್ಮಾರನನ್ನು ಕರೆಯಿಸಬೇಕಾಗುವುದು.

ತಿರುಗು, ತಿರುವು, ತಿರುಪು, ತಿರುಚು, ಇವೆಲ್ಲವೂ ಒಂದೇ ಮನೆಯ ಮಕ್ಕಳು. ತಮಿಳಿನಲ್ಲಿ ದೀಪದ ಬತ್ತಿಗೆ ‘ತಿರಿ’ ಎನ್ನುವುದೂ ಈ ಬಳಗದ್ದೇ. ಇಂತಹ ನಂಟುಗಳನ್ನು ಅರಿಯಬೇಕೆನ್ನುವವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ನಿಘಂಟನ್ನು ತೆರೆದು ನೋಡಬೇಕು. ಒಡಹುಟ್ಟಿದವರಾದರೂ ಸ್ವಭಾವ ಬೇರೆ. ಮೀಸೆಯನ್ನು ತಿರುವುವರು, ಕೈಯನ್ನು ತಿರುಚುವರು. ಗಾಡಿ ಹೊಡೆಯುವವನು ಎತ್ತಿನ ಬಾಲವನ್ನು ತಿರುಚುವನು. ತಿರುಚುವುದರಲ್ಲಿ ಬಲಾತ್ಕಾರವುಂಟು, ನೋವುಂಟು. ವಸ್ತುವಿನ ಸಹಜವಾದ ಆಕಾರಕ್ಕೆ ವಿರುದ್ಧವಾದ ಒಂದು ಎಳೆತವುಂಟು. ಲ್ಯಾಟಿನ್ ಭಾಷೆಯಲ್ಲಿ ತಿರುಚುವುದೆಂಬ ಅರ್ಥವುಳ್ಳ ಒಂದೇ ಧಾತುವಿನಿಂದ ಇಂಗ್ಲಿಷಿನ ‘ಟಾರ್ಚರ್’, ‘ಡಿಸ್ಟಾರ್ಟ್’ ಎಂಬೆರಡು ಮಾತುಗಳೂ ಹುಟ್ಟಿರುವುದು ಆಶ್ಚರ್ಯವಲ್ಲ.

ಹಾಗೆಂದು ಸುತ್ತಿ ಸುತ್ತಿ ಮಾಡುವ ಕೆಲಸವೆಲ್ಲವೂ ಕೆಡುಕೆಂದು ತಿಳಿಯಬಾರದು. ಬತ್ತಿಯನ್ನು ಹೊಸೆಯುತ್ತೇವೆ, ಶಾವಿಗೆಯನ್ನು ಹೊಸೆಯುತ್ತೇವೆ, ದಾರವನ್ನು ಹುರಿಮಾಡುತ್ತೇವೆ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನಿಗೆ ಹುಲ್ಲಿನ ಹಗ್ಗ ಮಾಡುವ ಕಾಯಕದಿಂದಲೇ ಆ ಹೆಸರು ಬಂದಿತು. ಇಲ್ಲಿ ಬಿಡಿಯಾಗಿ ನಿಲ್ಲಲಾರದ ಎಳೆಗಳು ಒಂದಾಗಿ ಬಲವನ್ನು ಪಡೆಯುತ್ತವೆ. ಇದಕ್ಕೆ ‘ತಿರುಚು’ ಎಂದು ಯಾವ ಅಜ್ಜಿಯೂ ಹೇಳಳು.

ಇನ್ನು ಸೊಟ್ಟ, ಡೊಂಕು, ವಕ್ರ ಎಂಬ ಮಾತುಗಳು. ಇವು ಆಕಾರವನ್ನು ಮಾತ್ರ ತಿಳಿಸುತ್ತವೆ. ಮಾಡಿದವರು ಯಾರೆಂದು ಕೇಳುವುದಿಲ್ಲ. ಹಸಿಯ ಹಲಗೆ ಒಣಗುತ್ತ ತಾನಾಗಿ ಸೊಟ್ಟಗಾಗುವುದು; ನಾಯಿಯ ಬಾಲ ಹುಟ್ಟಿನಿಂದಲೇ ಡೊಂಕು. ‘ತಿರುಚು’ ಎಂದೊಡನೆಯಾದರೋ ಅದರ ಹಿಂದೆ ಒಂದು ಕೈ ಇರಲೇಬೇಕು.

ಈ ಕಾರಣದಿಂದಲೇ ‘ಮಾತನ್ನು ತಿರುಚು’ ಎಂಬ ಬಳಕೆ ಬಹಳ ಭಾರವಾದದ್ದು. ತಂತಿಯನ್ನು ತಿರುಚಿದಾಗ ಲೋಹ ಕಡಿಮೆಯಾಗುವುದಿಲ್ಲ, ಹೆಚ್ಚುವುದೂ ಇಲ್ಲ. ಮಾತಿನಲ್ಲಿಯೂ ಹಾಗೆಯೇ. ಕೆಲವು ವರ್ಷಗಳ ಹಿಂದೆ ಜಾಣೆಯಾದ ಒಬ್ಬ ಹುಡುಗಿಯ ಮನೆಗೆ ನಾವು ಕಾಗದ ಬರೆದೆವು: ‘ಈ ಶಾಲೆಯಲ್ಲಿ ಇವಳು ಕಲಿಯತಕ್ಕದ್ದು ಇನ್ನೇನೂ ಉಳಿದಿಲ್ಲ. ಕಾಲೇಜಿಗೆ ಕಳುಹಿಸಿರಿ.’ ತಂದೆಗೆ ಓದು ಬಾರದು. ಓದಿ ಹೇಳಿದ ಸೋದರಮಾವನು ಮೊದಲನೆಯ ವಾಕ್ಯವನ್ನು ಓದಿ ಕಾಗದವನ್ನು ಮಡಿಸಿದನು. ‘ಕೇಳಿದಿರಾ ಭಾವ, ಕಲಿಯತಕ್ಕದ್ದು ಏನೂ ಇಲ್ಲವಂತೆ’ ಎಂದು ಗಂಡು ಗೊತ್ತುಮಾಡಲು ಹೊರಟನು. ತಂದೆ ಮಗಳ ಪೆಟ್ಟಿಗೆಯನ್ನು ಒಯ್ಯಲೆಂದು ಬಂದಾಗ ಎರಡು ವಾಕ್ಯಗಳನ್ನೂ ಓದಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಇನ್ನೊಂದು ಸಲ ಓದಿರಮ್ಮ’ ಎಂದರು. ಪೆಟ್ಟಿಗೆಯನ್ನು ಒಯ್ಯಲಿಲ್ಲ. ಸೋದರಮಾವನಾದರೋ, ತಾನು ಓದಿದ್ದರಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲವೆಂದು ಸಾಧಿಸಿದನಂತೆ. ಅದು ನಿಜವೇ.

ಅವನು ಎರಡನೆಯ ವಾಕ್ಯವನ್ನು ಕಾಣದೆ ಹಾಗೆ ಹೇಳಿದ್ದರೆ ‘ತಪ್ಪು ತಿಳಿದುಕೊಂಡನು’ ಎನ್ನಬಹುದಾಗಿತ್ತು. ನೇರವಾದುದನ್ನು ಬಲ್ಲವನು ಮಾತ್ರ ಅದನ್ನು ತಿರುಚಬಲ್ಲನು. ಆದುದರಿಂದ, ಗೆಳತಿ ಸಂಗತಿಯೊಂದನ್ನು ಅರೆಬರೆಯಾಗಿ ಕೇಳಿ ಬೇರೆಯಾಗಿ ಹೇಳಿದಳೆಂದು ‘ನನ್ನ ಮಾತನ್ನು ತಿರುಚಿದಳು’ ಎಂದು ದೂರುವ ಹುಡುಗಿಯರಿಗೆ, ಮೊದಲು ಆ ಗೆಳತಿಗೆ ಪೂರ್ತಿ ಮಾತು ಕೇಳಿಸಿತ್ತೋ ಎಂದು ವಿಚಾರಿಸಲು ಹೇಳುತ್ತೇವೆ. ಹತ್ತರಲ್ಲಿ ಎಂಟು ದೂರುಗಳು ಅಲ್ಲಿಯೇ ಮುಗಿಯುತ್ತವೆ.

ಪತ್ರಿಕೆಗಳಲ್ಲಿ ದೊಡ್ಡವರ ಬಾಯಿಂದ ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂಬ ವಾಕ್ಯವನ್ನು ಆಗಾಗ ಓದುತ್ತೇವೆ. ವ್ಯಾಕರಣದ ತರಗತಿಗೆ ಇದು ಒಳ್ಳೆಯ ಅಭ್ಯಾಸ. ಕೈಯಿಲ್ಲದೆ ನಡೆಯದ ಕೆಲಸವನ್ನು ಹೇಳಿ, ಕೈಯನ್ನು ಮಾತ್ರ ಕರ್ಮಣಿ ಪ್ರಯೋಗದ ಸೆರಗಿನಲ್ಲಿ ಮುಚ್ಚಿಟ್ಟಿದ್ದಾರೆ. ಅದನ್ನು ಕರ್ತರಿ ಪ್ರಯೋಗಕ್ಕೆ ಬದಲಿಸಿರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಕೂಡಲೇ ಅವರು ಕೇಳುತ್ತಾರೆ, ‘ಕರ್ತೃಪದ ಯಾವುದಮ್ಮ?’