ಎರಡು ವರ್ಷದ ಕಾಲೇಜಿನಲ್ಲೇ ಪದವಿ: ಅಮೆರಿಕದ ಅನುಭವ, ನಮ್ಮ ಪೋಷಕರಿಗೆ ತಿಳಿವಳಿಕೆ

ಈ ವರ್ಷ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬಂದ ಪೋಷಕರಲ್ಲಿ ಕೆಲವರು ಒಂದೇ ಬಗೆಯ ಪ್ರಶ್ನೆ ಕೇಳಿದರು. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬುದಿದೆಯಂತೆ, ಅಲ್ಲಿ ಶುಲ್ಕ ಬಹಳ ಕಡಿಮೆಯಂತೆ, ಈಗ ಅಲ್ಲೇ ಡಿಗ್ರಿಯೂ ಸಿಗುತ್ತದಂತೆ, ನಿಜವೇ? ಇನ್ನೊಂದು ಕಡೆ ದಾನಿಗಳಲ್ಲಿ ಕೆಲವರು, ಡಿಪ್ಲೊಮಾ ಮಕ್ಕಳಿಗೆ ಕೊಡುವ ಹಣವನ್ನೂ ಡಿಗ್ರಿ ಮಕ್ಕಳಿಗೇ ಕೊಟ್ಟರೆ ಹೆಚ್ಚು ಫಲವಲ್ಲವೇ ಎಂದು ಸಲಹೆ ಮಾಡಿದರು. ಸಣ್ಣ ಕೋರ್ಸಿನಿಂದ ಆರಂಭಿಸಿದ ಬಡವರ ಮಗು ಮುಂದೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದೇ ಈ ಎರಡೂ ಮಾತುಗಳ ಹಿಂದಿರುವ ಚಿಂತೆ. ಅದಕ್ಕಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕಮ್ಯುನಿಟಿ ಕಾಲೇಜು ಎಂದರೆ ಆಯಾ ಊರಿನ ಜನರಿಗಾಗಿ ಸರ್ಕಾರದ ಹಣದಲ್ಲಿ ನಡೆಯುವ ಎರಡು ವರ್ಷದ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ಆರಂಭವಾದ ಕಾಲೇಜನ್ನು ಇವುಗಳಲ್ಲಿ ಹಳೆಯದೆಂದು ಹೇಳುತ್ತಾರೆ. ಇಂದು ಆ ದೇಶದಲ್ಲಿ ಇಂಥವು ಸುಮಾರು ಒಂದು ಸಾವಿರ ಇವೆ. ಪ್ರವೇಶಕ್ಕೆ ಕಟ್-ಆಫ್ ಅಂಕವೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಹೈಸ್ಕೂಲು ಮುಗಿಸಿದ ಹುಡುಗಿ, ಕಾರ್ಖಾನೆಯಲ್ಲಿ ದುಡಿಯುವ ತಂದೆ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ತಾಯಿ, ಎಲ್ಲರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಎರಡು ವರ್ಷ ಮುಗಿದರೆ 'ಅಸೋಸಿಯೇಟ್ ಡಿಗ್ರಿ' ಎಂಬ ಅರ್ಧದಾರಿಯ ಪದವಿ ಸಿಗುತ್ತದೆ. ಬ್ಯಾಚುಲರ್ ಪದವಿ ಬೇಕಾದರೆ ಉಳಿದೆರಡು ವರ್ಷ ವಿಶ್ವವಿದ್ಯಾಲಯಕ್ಕೆ ಹೋಗಿ ಓದಬೇಕು. ಕ್ಯಾಲಿಫೋರ್ನಿಯ ರಾಜ್ಯವಂತೂ 1960ರಲ್ಲೇ ಮಾಸ್ಟರ್ ಪ್ಲಾನ್ ಮಾಡಿ, ಯಾವ ಕಾಲೇಜು ಏನು ಕಲಿಸಬೇಕೆಂದು ಮೂರು ಮೆಟ್ಟಿಲು ಹಾಕಿಟ್ಟಿತು. ಕೆಳಗಿನ ಮೆಟ್ಟಿಲು ಕಮ್ಯುನಿಟಿ ಕಾಲೇಜು.

ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ನಡೆದದ್ದು ಬೇರೆ. ಇಲ್ಲಿಗೆ ಸೇರುವವರಲ್ಲಿ ಬಹುಪಾಲು ಜನ ಮುಂದೆ ಬ್ಯಾಚುಲರ್ ಪದವಿ ಮಾಡುವ ಆಸೆಯಿಂದಲೇ ಬರುತ್ತಾರೆ. ಆರು ವರ್ಷ ಕಳೆದ ಮೇಲೆ ಎಣಿಸಿದರೆ ಪದವಿ ಪಡೆದವರು ನೂರಕ್ಕೆ ಇಪ್ಪತ್ತನ್ನೂ ಮುಟ್ಟುವುದಿಲ್ಲ. ಇದಕ್ಕೆ ದಡ್ಡತನ ಕಾರಣವಲ್ಲ. ವಿಶ್ವವಿದ್ಯಾಲಯ ದೂರದ ಊರಿನಲ್ಲಿರುತ್ತದೆ. ಅಲ್ಲಿ ಬಾಡಿಗೆ ಕಟ್ಟಬೇಕು, ಇಲ್ಲಿನ ಕೆಲಸ ಬಿಡಬೇಕು. ಹೋದ ಮೇಲೆ, ನೀವು ಓದಿದ ಈ ವಿಷಯ ನಮ್ಮಲ್ಲಿ ಲೆಕ್ಕಕ್ಕಿಲ್ಲ ಎಂದು ಹೇಳಿ ಒಂದು ಸೆಮಿಸ್ಟರ್‌ನಷ್ಟು ಓದನ್ನೇ ತಳ್ಳಿಹಾಕುವುದುಂಟು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ, ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಓಡಾಡುವುದು ಬೇಡವೆಂಬ ಒಂದೇ ಮಾತಿಗೆ ಮನೆಯಲ್ಲಿ ಉಳಿದರು!

ಹಾಗಾದರೆ ಮಗುವನ್ನು ಕಾಲೇಜಿನತ್ತ ಕಳಿಸುವ ಬದಲು ಪದವಿಯನ್ನೇ ಮಗುವಿನ ಊರಿಗೆ ತಂದರೇನು? ಫ್ಲಾರಿಡ 2001ರಲ್ಲಿ ಇದಕ್ಕೆ ಕಾನೂನು ಮಾಡಿತು. ಅಲ್ಲಿನ ಸೇಂಟ್ ಪೀಟರ್ಸ್‌ಬರ್ಗ್ ಜೂನಿಯರ್ ಕಾಲೇಜು ತನ್ನ ಹೆಸರಿನಿಂದ 'ಜೂನಿಯರ್' ತೆಗೆದು ಬ್ಯಾಚುಲರ್ ಪದವಿ ಕೊಡತೊಡಗಿತು. ವಾಷಿಂಗ್ಟನ್ ರಾಜ್ಯ 2005ರಲ್ಲಿ ಒಪ್ಪಿತು. ಮಿಶಿಗನ್ 2012ರಲ್ಲಿ ಅಡುಗೆ ಕಲೆ, ಕಾಂಕ್ರೀಟ್ ತಂತ್ರಜ್ಞಾನ, ಹಡಗು ವಿದ್ಯೆಯಂಥ ಕೆಲವಕ್ಕೆ ಮಾತ್ರ ಬಾಗಿಲು ತೆರೆದು, ಎಲ್ಲರೂ ಕೇಳುತ್ತಿದ್ದ ನರ್ಸಿಂಗನ್ನು ಹೊರಗಿಟ್ಟಿತು. ಇಂದು ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಯಾವುದಾದರೊಂದು ರೂಪದಲ್ಲಿ ಈ ಅನುಮತಿ ಇದೆ.

ಕ್ಯಾಲಿಫೋರ್ನಿಯ ತಡವಾಗಿ ಬಂದರೂ ಅದರ ಕಥೆ ಹೆಚ್ಚು ಪಾಠ ಹೇಳುತ್ತದೆ. 2014ರ ಕಾಯ್ದೆಯಂತೆ 15 ಕಾಲೇಜುಗಳಲ್ಲಿ ಪ್ರಾಯೋಗಿಕವಾಗಿ ತಲಾ ಒಂದು ಪದವಿ. 2021ರ ಕಾಯ್ದೆ ಅದನ್ನು ಖಾಯಂ ಮಾಡಿ, ವರ್ಷಕ್ಕೆ 30 ಹೊಸ ಪದವಿಗಳವರೆಗೆ ಅವಕಾಶ ಕೊಟ್ಟಿತು. ಆದರೆ ಒಂದು ಷರತ್ತು ಮೊದಲಿನಿಂದಲೂ ಇದೆ: ರಾಜ್ಯದ ವಿಶ್ವವಿದ್ಯಾಲಯಗಳು ಈಗಾಗಲೇ ಕೊಡುತ್ತಿರುವ ಪದವಿಯನ್ನು ಇವು ಕೊಡಕೂಡದು. ಅದಕ್ಕೇ ಇಲ್ಲಿ ಬಿ.ಎ., ಬಿ.ಕಾಂ. ಹುಡುಕಿದರೆ ಸಿಗದು. ದಂತ ಸ್ವಚ್ಛತೆ, ಉಸಿರಾಟದ ಚಿಕಿತ್ಸೆ, ವಾಹನ ತಂತ್ರಜ್ಞಾನ, ವಿಮಾನದ ಭಾಗಗಳ ತಯಾರಿಕೆ, ಅಂತ್ಯಸಂಸ್ಕಾರ ವಿಜ್ಞಾನ ಕೂಡ, ಹೀಗೆ ಕೈಗೆ ಕೆಲಸ ಕೊಡುವ ವಿಷಯಗಳೇ.

ಆ ಷರತ್ತಿನ ಮೇಲೆಯೇ ಜಗಳವೂ ನಡೆಯಿತು. ಉತ್ತರದ ಬೆಟ್ಟಗಾಡಿನಲ್ಲಿ ಫೆದರ್ ರಿವರ್ ಎಂಬ ಸಣ್ಣ ಕಾಲೇಜಿದೆ. ಅದೇ ಕೌಂಟಿಯ ಗ್ರೀನ್‌ವಿಲ್ ಎಂಬ ಊರು 2021ರ ಡಿಕ್ಸಿ ಕಾಡ್ಗಿಚ್ಚಿನಲ್ಲಿ ಬಹುತೇಕ ಸುಟ್ಟುಹೋಗಿತ್ತು. ಕಾಡಿನ ಬೆಂಕಿ ನಿರ್ವಹಣೆಯಲ್ಲಿ ಪದವಿ ಆರಂಭಿಸುತ್ತೇವೆ ಎಂದು ಕಾಲೇಜು ಕೇಳಿತು. ರಾಜ್ಯ ವಿಶ್ವವಿದ್ಯಾಲಯದವರು, ಹಂಬೋಲ್ಟ್‌ನಲ್ಲಿರುವ ನಮ್ಮ ಸಂಸ್ಥೆ ಇಂಥದ್ದನ್ನೇ ತರುತ್ತಿದೆ, ಇದು ಪುನರಾವರ್ತನೆ ಎಂದು ಆಕ್ಷೇಪಿಸಿದರು. ಹಂಬೋಲ್ಟ್ ಇರುವುದು ಕಡಲ ತೀರದಲ್ಲಿ. ಬೆಟ್ಟಗಳನ್ನು ದಾಟಿ ಹಲವು ಗಂಟೆಗಳ ದಾರಿ. ಆಕ್ಷೇಪವಿದ್ದರೂ ಕೊನೆಗೆ ಪದವಿಗೆ ಒಪ್ಪಿಗೆ ಸಿಕ್ಕಿತು. ಹೆಸರು ಒಂದೇ ಆದ ಮಾತ್ರಕ್ಕೆ ಎರಡು ಕೋರ್ಸುಗಳು ಒಂದೇ ಆಗುವುದಿಲ್ಲ, ಒಂದಕ್ಕೆ ಹೋಗಲಾಗದವನಿಗೆ ಇನ್ನೊಂದೇ ಗತಿ ಎಂಬುದು ನಮ್ಮ ಅಭಿಪ್ರಾಯ.

ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಪದವಿ ಕೊಡಲು ಹೊರಟ ಕಾಲೇಜು ಹೆಚ್ಚು ಓದಿದ ಅಧ್ಯಾಪಕರನ್ನೂ ದೊಡ್ಡ ಗ್ರಂಥಾಲಯವನ್ನೂ ಪ್ರಯೋಗಾಲಯವನ್ನೂ ಹೊಂದಿಸಬೇಕು. ಆ ಹಣ ಎಲ್ಲಿಂದ ಬರಬೇಕು? ಓದು ಬರಹದಲ್ಲೇ ಹಿಂದುಳಿದವರಿಗೆ ನಡೆಸುವ ಸಂಜೆ ತರಗತಿಗೆ ಕತ್ತರಿ ಬಿದ್ದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ದಾದಿಯರ ಬ್ಯಾಚುಲರ್ ಪದವಿಯನ್ನು ಪ್ರಾಯೋಗಿಕವಾಗಿ ಈ ಕಾಲೇಜುಗಳಿಗೆ ಕೊಡುವ ಮಸೂದೆಯನ್ನು ಕ್ಯಾಲಿಫೋರ್ನಿಯದ ಗವರ್ನರ್ ಗೇವಿನ್ ನ್ಯೂಸಮ್ 2024ರಲ್ಲಿ ತಿರಸ್ಕರಿಸಿದರು. ವಿಶ್ವವಿದ್ಯಾಲಯಗಳೊಡನೆ ಈಗಿರುವ ಸಹಯೋಗದ ಫಲ ಮೊದಲು ನೋಡೋಣ ಎಂಬುದು ಅವರ ನಿಲುವು. ಆಸ್ಪತ್ರೆಗಳು ಬ್ಯಾಚುಲರ್ ಪದವಿಯ ದಾದಿಯರನ್ನೇ ಬಯಸುತ್ತಿರುವಾಗ ಹೀಗಾದದ್ದು ನಮಗೆ ಸರಿ ಕಾಣಲಿಲ್ಲ.

ಈಗ ಶುಲ್ಕದ ವಿಷಯ. ಪೋಷಕರು ದಯವಿಟ್ಟು ಇದನ್ನು ಎರಡು ಸಲ ಓದಬೇಕು. ಕ್ಯಾಲಿಫೋರ್ನಿಯದಲ್ಲಿ ಒಂದು ಯೂನಿಟ್‌ಗೆ 46 ಡಾಲರ್. ಪದವಿಯ ಕೊನೆಯೆರಡು ವರ್ಷದ ಯೂನಿಟ್‌ಗಳಿಗೆ ಇನ್ನೂ 84 ಸೇರಿ 130 ಡಾಲರ್. ಮೊದಲ 60 ಯೂನಿಟ್‌ಗೆ 2,760, ನಂತರದ 60ಕ್ಕೆ 7,800, ಒಟ್ಟು 10,560 ಡಾಲರಿಗೆ ಪದವಿ ಎಂದು ಹೇಳುವುದು ಈ ಲೆಕ್ಕದಿಂದ. ಆದರೆ ಈ ದರ ಆ ರಾಜ್ಯದ ನಿವಾಸಿಗಳಿಗೆ. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವ ಮಗುವಿಗೆ ಪ್ರತಿ ಯೂನಿಟ್‌ಗೆ ಇದರ ಹಲವು ಪಟ್ಟು ಬೀಳುತ್ತದೆ. ಊಟ, ವಸತಿ, ವಿಮೆ ಬೇರೆ. ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ಮುಂಚಿತವಾಗಿ ದಾಖಲೆ ತೋರಿಸಬೇಕು, ಕ್ಯಾಂಪಸ್ಸಿನ ಹೊರಗೆ ಇಷ್ಟಬಂದಂತೆ ದುಡಿಯಲೂ ಬಿಡುವುದಿಲ್ಲ. ಯಾರಾದರೂ ಏಜೆಂಟರು ಈ 46 ಡಾಲರಿನ ಅಂಕಿ ತೋರಿಸಿ ಮನೆ ಅಡವಿಡಲು ಹೇಳಿದರೆ, ಸಹಿ ಹಾಕುವ ಮುನ್ನ ಕಾಲೇಜಿನ ಹೊರದೇಶದ ವಿದ್ಯಾರ್ಥಿಗಳ ದರಪಟ್ಟಿಯನ್ನು ತರಿಸಿ ನಮಗೊಮ್ಮೆ ತೋರಿಸಿ.

ದಾನಿಗಳ ಸಲಹೆಗೆ ನಮ್ಮ ಉತ್ತರವೂ ಇಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ದಾರಿ ಇದೆ, ಆದರೆ ಡಿಪ್ಲೊಮಾ ಕೈಗೆ ಬಂದ ಕೂಡಲೇ ಮನೆಯವರು ಸಂಬಳ ಎದುರು ನೋಡುತ್ತಾರೆ, ಓದು ಅಲ್ಲಿಗೇ ತುಂಡಾಗುತ್ತದೆ. ಡಿಪ್ಲೊಮಾದವರ ಹಣ ನಿಲ್ಲಿಸಿದರೆ ಈ ಮಕ್ಕಳು ಮೊದಲ ಮೆಟ್ಟಿಲನ್ನೂ ಹತ್ತುವುದಿಲ್ಲ. ಆದ್ದರಿಂದ ಅದನ್ನು ಮುಂದುವರಿಸಿ, ಡಿಪ್ಲೊಮಾದಿಂದ ಪದವಿಗೆ ಹೋಗುವವರ ಮೊದಲ ವರ್ಷಕ್ಕೆ ಹೆಚ್ಚಿನ ನೆರವು ಕೊಡಲು ಸಮಿತಿ ತೀರ್ಮಾನಿಸಿದೆ.

ಈ ನೆರವು ಬಯಸುವವರು ಡಿಪ್ಲೊಮಾದ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಡಿಸಿಇಟಿ ರ‍್ಯಾಂಕ್ ಪ್ರತಿ, ಪ್ರವೇಶದ ರಸೀದಿ, ಆದಾಯ ಪ್ರಮಾಣಪತ್ರ ಹಾಗೂ ವಿದ್ಯಾರ್ಥಿಯ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟವನ್ನು ಅರ್ಜಿಯೊಂದಿಗೆ ಲಗತ್ತಿಸಬೇಕು. ಕೆಲಸ ಮಾಡುತ್ತಾ ಓದುವವರೂ ಅರ್ಜಿ ಹಾಕಬಹುದು. ನಡುವೆ ಒಂದೆರಡು ವರ್ಷ ಓದು ಬಿಟ್ಟಿದ್ದವರು ಕಾರಣವನ್ನು ಒಂದು ಹಾಳೆಯಲ್ಲಿ ಬರೆದರೆ ಸಾಕು, ಅದಕ್ಕಾಗಿ ಅರ್ಜಿಯನ್ನು ತಿರಸ್ಕರಿಸುವುದಿಲ್ಲ.