ಹಡಗಿನ ಮಕ್ಕಳು ಹುಡುಕಿದ ಜಿರಾಫೆ

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದವರು ಸಾಮಾನ್ಯವಾಗಿ ಕತ್ತೆತ್ತಿ ಕಂಬ ನೋಡುತ್ತಾರೆ. ಕ್ರಿಸ್‌ಮಸ್ ರಜೆಯಲ್ಲಿ ಬಂದಿದ್ದ ಇಬ್ಬರು ಇಂಗ್ಲಿಷ್ ಮಕ್ಕಳು ಮಾತ್ರ ಬಗ್ಗಿಕೊಂಡು, ಭೈರಾದೇವಿ ಮಂಟಪದ ತಳಕಟ್ಟಿನ ಒಂದೊಂದೇ ಉಬ್ಬುಚಿತ್ರವನ್ನು ಪರೀಕ್ಷಿಸುತ್ತಿದ್ದರು. ಅಕ್ಕನ ಕೈಯಲ್ಲಿ ಹಾಳೆ, ತಮ್ಮನ ಕೈಯಲ್ಲಿ ಪೆನ್ಸಿಲ್. ಸ್ವಲ್ಪ ಹೊತ್ತಿಗೆ ತಮ್ಮ ‘ಸಿಕ್ಕಿತು!’ ಎಂದು ಕೂಗಿದ. ಅವನು ಬೆರಳಿಟ್ಟಲ್ಲಿ ಉದ್ದ ಕುತ್ತಿಗೆಯ ಪ್ರಾಣಿಯೊಂದು ಕಲ್ಲಿನಲ್ಲಿ ನಿಂತಿತ್ತು. ಜಿರಾಫೆ!

ಅಂದು ಬೆಳಿಗ್ಗೆ ಪಣಂಬೂರಿನ ನವಮಂಗಳೂರು ಬಂದರಿಗೆ ಕ್ರೂಸ್ ಹಡಗು ಬಂದಿತ್ತು. ಅಜ್ಜ, ಅಜ್ಜಿ, ಮಗಳು, ಅಳಿಯ, ಮೊಮ್ಮಕ್ಕಳು ಹೀಗೆ ಮೂರು ತಲೆಮಾರಿನ ಸಂಸಾರ ದುಬೈಯಲ್ಲಿ ಹತ್ತಿ, ಮುಂಬೈ, ಗೋವಾ ನೋಡಿ ಇಲ್ಲಿಗೆ ತಲುಪಿತ್ತು. ಮುಂದೆ ಕೊಚ್ಚಿ, ಕೊಲಂಬೊ. ಮಕ್ಕಳ ಕೈಲಿದ್ದ ಹಾಳೆ ಹಡಗಿನದೇ. ದುಬೈ ಬಿಟ್ಟ ಮೇಲೆ ದಡವೇ ಕಾಣದ ದಿನಗಳಲ್ಲಿ ಅಲ್ಲಿನ ಮಕ್ಕಳ ಕೂಟದಲ್ಲಿ ಪ್ರತಿ ಬಂದರಿಗೂ ಒಂದು ಹುಡುಕಾಟದ ಆಟ ಸಿದ್ಧ ಮಾಡಿ ಕೊಟ್ಟಿದ್ದರಂತೆ. ಮಂಗಳೂರಿನ ಪಾಲಿಗೆ ಬಂದದ್ದು: ಈ ನಾಡಿನಲ್ಲಿ ಎಂದೂ ಇರದ ಎರಡು ಪ್ರಾಣಿಗಳನ್ನು ಕಲ್ಲಿನಲ್ಲಿ ಹುಡುಕಿ.

ಜಗಲಿಯ ಅಂಚಿನಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದ ಅಜ್ಜಿ ಹಡಗಿನ ದಿನಚರಿಯನ್ನು ಖುಷಿಯಿಂದ ಬಿಡಿಸಿಟ್ಟರು. ರಾತ್ರಿ ಮಲಗುವ ಮುನ್ನ ಮರುದಿನದ ಕಾರ್ಯಕ್ರಮ ಪಟ್ಟಿ ಕೋಣೆಗೆ ಬರುತ್ತದೆ. ಬೆಳಿಗ್ಗೆ ಡೆಕ್ ಮೇಲೆ ನಡಿಗೆ, ಆಮೇಲೆ ರಸಪ್ರಶ್ನೆ, ನೃತ್ಯಪಾಠ, ಇಸ್ಪೀಟು, ಮುಂದಿನ ಊರಿನ ಬಗ್ಗೆ ಉಪನ್ಯಾಸ. ಮಕ್ಕಳಿಗೆ ಈಜುಕೊಳ, ವಯಸ್ಸಿಗೆ ತಕ್ಕ ಗುಂಪು. ರಾತ್ರಿ ರಂಗಮಂದಿರದಲ್ಲಿ ಒಂದೇ ಪ್ರದರ್ಶನ ಎರಡು ಬಾರಿ, ಏಕೆಂದರೆ ಊಟವೂ ಎರಡು ಪಂಕ್ತಿ. ಕೋಣೆ ಗುಡಿಸುವ ಹುಡುಗ ಸ್ನಾನದ ಟವೆಲನ್ನೇ ಮಡಚಿ ಆನೆ, ಮಂಗ ಮಾಡಿ ಹಾಸಿಗೆಯ ಮೇಲೆ ಕೂರಿಸಿ ಹೋಗುತ್ತಾನೆ. ಪೂರ್ವಕ್ಕೆ ಸಾಗುತ್ತಿದ್ದಂತೆ ಗಡಿಯಾರವನ್ನು ಮುಂದಕ್ಕೆ ತಿರುಗಿಸಬೇಕು, ಆ ರಾತ್ರಿ ನಿದ್ದೆ ಕಡಿಮೆ. ನಿಜವಾದ ಹರಟೆಕಟ್ಟೆ ಎಂದರೆ ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಂತೆ. ಸರದಿಗೆ ಕಾಯುತ್ತ ನಿಂತಲ್ಲಿ ಯಾರ ಮಗಳ ಮದುವೆ, ಯಾರ ಮಂಡಿನೋವು ಎಲ್ಲವೂ ಗೊತ್ತಾಗುತ್ತದೆ.

‘ಊರು ನೋಡುವ ದಿನಗಳಿಗಿಂತ ಬರೀ ಸಮುದ್ರದ ದಿನಗಳೇ ನನಗೆ ಇಷ್ಟ’ ಎಂದರು ಅಜ್ಜಿ. ಮನೆಯಲ್ಲಿ ಮೊಬೈಲ್ ಹಿಡಿದು ಮೂಲೆ ಸೇರುವ ಮೊಮ್ಮಕ್ಕಳು ಅಲ್ಲಿ ಅಜ್ಜನ ಪಕ್ಕ ಕೂತು ಉಪನ್ಯಾಸ ಕೇಳಿದ್ದಾರೆ. ಇಲ್ಲಿನ ಜಿರಾಫೆಯ ಸುದ್ದಿ ಮಕ್ಕಳಿಗೆ ಮೊದಲು ಸಿಕ್ಕಿದ್ದೂ ಅಲ್ಲೇ.

ವಿನೋದಕ್ಕಾಗಿಯೇ ಹಡಗು ಹತ್ತುವ ಪದ್ಧತಿಗೆ 1891ರಲ್ಲಿ ಮೆಡಿಟರೇನಿಯನ್ ಸುತ್ತಿದ ಜರ್ಮನಿಯ ‘ಆಗಸ್ಟಾ ವಿಕ್ಟೋರಿಯಾ’ ಹಡಗಿನಿಂದ ಲೆಕ್ಕ ಹಿಡಿಯುತ್ತಾರೆ. ನಮ್ಮ ಕರಾವಳಿಗೆ ಅದು ಬಂದದ್ದು ತಡವಾಗಿ. ನವಮಂಗಳೂರು ಬಂದರು ಶುರುವಾದದ್ದೇ 1974ರಲ್ಲಿ. ಕೋವಿಡ್ ಕಾಲದಲ್ಲಿ ನಿಂತಿದ್ದ ವಿಹಾರ ಹಡಗುಗಳ ಸಂಚಾರ 2022ರ ನವೆಂಬರಿನಲ್ಲಿ ‘ಯುರೋಪಾ 2’ ಬಂದಾಗ ಮತ್ತೆ ಚುರುಕಾಯಿತು. ಬಂದರಿನಲ್ಲಿ ಸ್ವಾಗತ ಮುಗಿಸಿ ಬಸ್ಸು ಹತ್ತುವವರಿಗೆ ಕಾರ್ಕಳದ ಗೊಮ್ಮಟ, ಈ ಬಸದಿ, ಗೇರುಬೀಜದ ಕಾರ್ಖಾನೆ, ಅಲೋಶಿಯಸ್ ಚಾಪೆಲ್ ಮಾಮೂಲು ದಾರಿ. ಈ ಬಂದರು ಆಗುವುದಕ್ಕೂ ಹಿಂದೆ, ಹಡಗಿನ ಸರಕು ದೋಣಿ ಸೇರಿ ನೇತ್ರಾವತಿಯ ಮೇಲೆ ಬಂಟ್ವಾಳದವರೆಗೆ ಬರುತ್ತಿತ್ತು. ಘಟ್ಟದ ಮೇಲಿನ ಕಾಫಿ ಅಲ್ಲೇ ದೋಣಿ ಹತ್ತುತ್ತಿತ್ತು. 1801ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬೆಳ್ತಂಗಡಿ, ವೇಣೂರು ಹಾದು ಮೂಡುಬಿದಿರೆಗೆ ಬಂದು, ಕಂಡದ್ದನ್ನೆಲ್ಲ ಬರೆದಿಟ್ಟ.

ನನ್ನ ಮನಸ್ಸು ಮಾತ್ರ ಆ ಜಿರಾಫೆಯನ್ನು ಬಿಡುತ್ತಿಲ್ಲ. ಬಸದಿ ಕಟ್ಟಿದ್ದು 1430ರಲ್ಲಿ, ಮಂಟಪ ಸೇರಿದ್ದು ಆಮೇಲೆ. ಅದೇ ತಳಕಟ್ಟಿನಲ್ಲಿ ಚೀನೀ ಡ್ರ್ಯಾಗನ್ ಕೂಡ ಇದೆ. ಈಗ ಆ ಕಾಲದ ಸಮುದ್ರ ನೋಡಿ. ಚೀನಾದ ಜೆಂಗ್ ಹೆ 1405ರಿಂದ 1433ರವರೆಗೆ ಏಳು ಬಾರಿ ಹಡಗುಪಡೆ ಹೊರಡಿಸಿದ. ಅವುಗಳಿಗೆ ಕಲ್ಲಿಕೋಟೆ ಮುಖ್ಯ ತಂಗುದಾಣ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾ ಚಕ್ರವರ್ತಿಗೆ ಜಿರಾಫೆಯನ್ನೇ ಕಾಣಿಕೆ ಕಳಿಸಿದ. ಮರುವರ್ಷ ಆಫ್ರಿಕಾದ ಮಲಿಂದಿಯಿಂದ ಇನ್ನೊಂದು ಹೋಯಿತು. ಚೀನೀಯರು ಅದನ್ನು ತಮ್ಮ ಪುರಾಣದ ಮಂಗಳಮೃಗವೆಂದು ಬಗೆದರು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು ವಿಜಯನಗರದ ದಾರಿ ಹಿಡಿದ. ನಡುವೆ ಮೂಡುಬಿದಿರೆಯ ಜೈನ ವರ್ತಕರು, ಅವರ ಮೆಣಸು.

ಜಿರಾಫೆ ಈ ಕಡೆ ಇಳಿಯಿತೇ? ನನಗೆ ನಂಬಿಕೆ ಇಲ್ಲ. ಅಂಥ ಪ್ರಾಣಿ ಇಳಿದಿದ್ದರೆ ಯಾವುದಾದರೂ ಶಾಸನದಲ್ಲಿ ಗದ್ದಲವಾದರೂ ಕೇಳುತ್ತಿತ್ತು. ಬಂದದ್ದು ಅದರ ಕಥೆ ಎಂದು ನನ್ನ ಖಚಿತ ಭಾವನೆ. ಗಾಳಿ ತಿರುಗುವವರೆಗೆ ಹಾಯಿಹಡಗು ಬಂದರಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲವದು. ಕೂತವರಿಗೆ ಮಾತೇ ಮನರಂಜನೆ. ಮಲಿಂದಿ ಕಂಡವನೊಬ್ಬ ಹೇಳಿದ, ವರ್ತಕ ಕೇಳಿ ಊರಿಗೆ ತಂದ, ಶಿಲ್ಪಿ ಕಿವಿಯಲ್ಲಿ ಕೇಳಿದ್ದನ್ನು ಉಳಿಯಲ್ಲಿ ಕಂಡರಿಸಿದ. ಪುರಾಣ ಕಥೆಗಳ ಪಕ್ಕದಲ್ಲೇ ಸಮುದ್ರದ ಸುದ್ದಿಗೂ ಜಾಗ ಕೊಟ್ಟ ಆ ಶಿಲ್ಪಿಯ ಮೇಲೆ ನನಗೆ ಅಪಾರ ಪ್ರೀತಿ.

ಹಾಗಾಗಿ ಆ ಮಕ್ಕಳ ಆಟ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹಡಗಿನ ಬಿಡುವಿನಲ್ಲಿ ಹುಟ್ಟಿದ ಕಥೆ ಕಲ್ಲಾಗಿ ಕೂತಿತ್ತು. ಇನ್ನೊಂದು ಹಡಗಿನ ಬಿಡುವು ಅದನ್ನು ಹುಡುಕಿಕೊಂಡು ಬಂತು. ನೀರುಜಾರುಬಂಡಿ, ದೀಪಾಲಂಕಾರದ ನಾಟಕ ಎಲ್ಲ ಇರಲಿ. ದೀರ್ಘ ಪ್ರಯಾಣದ ಅತ್ಯುತ್ತಮ ಮನರಂಜನೆ ಮುಂದಿನ ಊರಿನ ಬಗ್ಗೆ ಕುತೂಹಲ ಹುಟ್ಟಿಸುವುದೇ. ಡ್ರ್ಯಾಗನ್ ಕೂಡ ಸಿಕ್ಕ ಮೇಲೆ ಆ ಹುಡುಗಿ ಗೈಡನ್ನು ಹಿಡಿದು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳು ಮುಗಿಯುವಂತಿರಲಿಲ್ಲ. ಹಡಗಿಗೆ ಮರಳುವ ಹೊತ್ತಾಯಿತೆಂದು ಬಸ್ಸಿನವರೇ ಬಂದು ಕರೆಯಬೇಕಾಯಿತು.

ಆಮೇಲೆ ಅದೇ ಅಂಗಳಕ್ಕೆ ಶಾಲಾ ಪ್ರವಾಸದ ಬಸ್ಸೊಂದರ ಮಕ್ಕಳು ಬಂದರು. ಸಾಲಾಗಿ ಒಳಹೋದರು, ಸಾಲಾಗಿ ಹೊರಬಂದರು, ಮಂಟಪದ ತಳಕಟ್ಟಿನತ್ತ ಯಾರೂ ಬಗ್ಗಲಿಲ್ಲ. ಬಗ್ಗಿ ನೋಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಲ್ಲಿ ಪ್ರವಾಸದ ಹಿಂದಿನ ದಿನ ಒಂದು ಪಿರಿಯಡ್ ಇದಕ್ಕೆ ಮೀಸಲಿಟ್ಟರೆ ಸಾಕು. ಎರಡು ಪ್ರಶ್ನೆಗಳ ಒಂದು ಹಾಳೆ: ಜಿರಾಫೆ ಎಲ್ಲಿದೆ? ಅದು ಇಲ್ಲಿಗೆ ಹೇಗೆ ಬಂತು? ಮೊದಲನೆಯದಕ್ಕೆ ಬಸದಿಯಲ್ಲೇ ಉತ್ತರ ಸಿಗುತ್ತದೆ. ಎರಡನೆಯದು ಅವರನ್ನು ಮಲಿಂದಿಯವರೆಗೆ ಕರೆದೊಯ್ಯುತ್ತದೆ. ಈ ನೆಲದ ಮಕ್ಕಳಿಗೆ ಅಷ್ಟಾದರೂ ನಾವು ಕೊಡಲೇಬೇಕು.